ಕ್ಯಾಮೆರಾದ ಬೆಲೆ ಮತ್ತು ಹೊಣೆಯ ಭಾರ

ಗೊರೂರು ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರೆ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಎದುರು ರಜಾದಿನಗಳಲ್ಲಿ ಕ್ಯಾಮೆರಾಗಳ ಜಾತ್ರೆಯೇ ನೆರೆಯುತ್ತದೆ. ಅಲ್ಲಿ ಕೊರಳಿಗೆ ತೂಗಿಬಿದ್ದ ಉಪಕರಣವೊಂದರ ಬೆಲೆ ಹೊಳೆನರಸೀಪುರದ ಪುಟ್ಟ ಸ್ಟುಡಿಯೊವೊಂದರ ಒಟ್ಟು ಬಂಡವಾಳವನ್ನು ಮೀರಿಸಿದರೂ ಅಚ್ಚರಿಪಡಬೇಕಿಲ್ಲ. ಹಾಗಾದರೆ ಇವರಲ್ಲಿ ಹವ್ಯಾಸಿ ಯಾರು, ವೃತ್ತಿಪರ ಯಾರು?

ಪ್ರತಿಭೆಯನ್ನು ಮಾನದಂಡವಾಗಿ ಇಟ್ಟುಕೊಂಡರೂ ಉತ್ತರ ಸಿಗದು. ಮೂಡಿಗೆರೆಯಲ್ಲಿದ್ದು ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿ ಸಾಹಿತಿ, ಕೃಷಿಕ. ವನ್ಯಜೀವಿ ಚಿತ್ರಗಳಿಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ ರಾಜಕಾರಣಿ, ರಾಜ್ಯದ ಸಚಿವರಾಗಿದ್ದವರು. ಇಬ್ಬರಿಗೂ ಛಾಯಾಗ್ರಹಣ ಹೊಟ್ಟೆಪಾಡಾಗಿರಲಿಲ್ಲ. ಆದರೂ ಅವರ ಕೆಲಸವನ್ನು ಕಡಿಮೆಯದೆಂದು ಯಾರೂ ಹೇಳಲಾರರು.

ನಿಜವಾದ ವ್ಯತ್ಯಾಸ ಕಾಣಬೇಕಾದರೆ ಅರಕಲಗೂಡಿನ ಕಲ್ಯಾಣ ಮಂಟಪವೊಂದಕ್ಕೆ ಹೋಗಬೇಕು. ಗಟ್ಟಿಮೇಳ ಮೊಳಗುವುದು ಕೆಲವೇ ಕ್ಷಣ. ಬೆಳಕು ಸರಿಯಿರುವುದಿಲ್ಲ, ಅಕ್ಷತೆ ಎರಚುವ ಕೈಗಳು ಅಡ್ಡ ಬರುತ್ತವೆ, ಪುರೋಹಿತರು ಆತುರದಲ್ಲಿರುತ್ತಾರೆ. ಛಾಯಾಗ್ರಾಹಕನ ಮನೆಯಲ್ಲಿ ಮಗುವಿಗೆ ಜ್ವರವಿದ್ದರೂ ತಾಳಿ ಕಟ್ಟುವ ಚಿತ್ರ ಬರಲೇಬೇಕು. ಹವ್ಯಾಸಿಯಾದರೆ ಮಂಜು ಮುಸುಕದ ದಿನ ಕ್ಯಾಮೆರಾ ಮುಚ್ಚಿಟ್ಟು ಮನೆಗೆ ಹೋಗಬಹುದು, ಮುಂದಿನ ವಾರ ಮತ್ತೆ ಬರಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕಕ್ಕೆ ಬಂದ ಪತ್ರಿಕಾ ಛಾಯಾಗ್ರಾಹಕನಿಗೆ ಆ ಅನುಕೂಲವಿರಲಿಲ್ಲ. ತಪ್ಪಿದ ಚಿತ್ರಕ್ಕೆ ಆತ ಹನ್ನೆರಡು ವರ್ಷ ಕಾಯಬೇಕು. ಹವ್ಯಾಸಿ ತನ್ನ ಸಂತೋಷಕ್ಕೆ ಉತ್ತರಿಸಿದರೆ ಸಾಕು, ವೃತ್ತಿಪರ ಇನ್ನೊಬ್ಬರಿಗೆ ಉತ್ತರಿಸಬೇಕು.

ಹಾಗೆಂದು ಈ ಹೊಣೆ ಹಣ ಪಡೆದವರ ಸೊತ್ತೇನೂ ಅಲ್ಲ. ಇದಕ್ಕೆ ಹಾಸನ ಜಿಲ್ಲೆಯೇ ಸಾಕ್ಷಿ. ಹಳೇಬೀಡಿನ ದೇವಾಲಯವನ್ನು 1850ರ ದಶಕದಲ್ಲೇ ಕ್ಯಾಮೆರಾದಲ್ಲಿ ಸೆರೆಹಿಡಿದವರು ವೈದ್ಯರು ಮತ್ತು ಸೈನಿಕರು. ಸೇನಾಧಿಕಾರಿ ರಿಚರ್ಡ್ ಬ್ಯಾನರ್ ಓಕ್ಲಿ ಆ ಒಂದೇ ದೇವಾಲಯದ 56 ಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ವೈದ್ಯರಾದ ಪಿಗೊ ಮತ್ತು ನೀಲ್, ಸೇನಾಧಿಕಾರಿ ಬಿಗ್ಸ್ ತೆಗೆದ ಚಿತ್ರಗಳು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ 1866ರ ಗ್ರಂಥದಲ್ಲಿ ಸೇರಿದವು. ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅದಕ್ಕೆ ಬರೆದರು. ಚಿತ್ರ ತೆಗೆಯುವುದು ಇವರಾರ ಕಲಿತ ಕಸುಬೂ ಅಲ್ಲ. ಆದರೆ ಗೋಡೆ ಗೋಡೆಯನ್ನೂ ಬಿಡದೆ, ನೋಡಿದ್ದನ್ನು ಇತರರಿಗೆ ಒಪ್ಪಿಸಬೇಕೆಂಬ ಶಿಸ್ತಿನಿಂದ ದುಡಿದರು. ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಕಾಲದಲ್ಲೂ, ಅಂದು ಆ ಗುಡಿ ಹೇಗಿತ್ತು ಎಂದು ತಿಳಿಯಲು ನಾವು ನೋಡಬೇಕಾದದ್ದು ಆ ಚಿತ್ರಗಳನ್ನೇ.

ಇಂದು ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ‘ನಮ್ಮ ಹುಡುಗನೇ ತೆಗೀತಾನೆ ಬಿಡಿ’ ಎಂಬ ಮಾತು ತಾಲ್ಲೂಕು ಕೇಂದ್ರಗಳ ಸ್ಟುಡಿಯೊಗಳ ಅನ್ನವನ್ನು ಕಿತ್ತುಕೊಳ್ಳುತ್ತಿದೆ. ಕಾಲದ ಓಟವನ್ನು ತಡೆಯಲಾಗದು, ನಿಜ. ಆದರೆ ಕಳೆದುಹೋಗುತ್ತಿರುವುದು ಒಂದು ಕಸುಬು ಮಾತ್ರವಲ್ಲ. ಶಾಲೆಯ ಗುಂಪುಚಿತ್ರ, ನಾಮಕರಣ, ಊರಹಬ್ಬ, ಈಗಿಲ್ಲದ ಅಜ್ಜಿಯ ಏಕೈಕ ಭಾವಚಿತ್ರ, ಇವೆಲ್ಲ ಆ ಅಂಗಡಿಗಳ ನೆಗೆಟಿವ್ ಡಬ್ಬಿಗಳಲ್ಲಿ ಗೆದ್ದಲಿಗೂ ತೇವಕ್ಕೂ ಸಿಕ್ಕಿ ಹಾಳಾಗುತ್ತಿವೆ. ಜನಸಾಮಾನ್ಯರ ಚರಿತ್ರೆಗೆ ಇದಕ್ಕಿಂತ ದೊಡ್ಡ ದಾಖಲೆ ಎಲ್ಲಿದೆ?

ಜಿಲ್ಲಾಡಳಿತವೂ ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳೂ ಮನಸ್ಸು ಮಾಡಿದರೆ, ಮಾಲೀಕರ ಒಪ್ಪಿಗೆ ಪಡೆದು ಈ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿ ಉಳಿಸುವುದು ಕಷ್ಟವಲ್ಲ. ದುಬಾರಿ ಕ್ಯಾಮೆರಾ ಹೊತ್ತ ಹವ್ಯಾಸಿಗಳೂ ಕೈಜೋಡಿಸಬಹುದು. ಶೆಟ್ಟಿಹಳ್ಳಿಯಲ್ಲಿ ಕಳೆಯುವ ಹತ್ತು ಭಾನುವಾರಗಳಲ್ಲಿ ಒಂದನ್ನು ಹಳೆಯ ಸ್ಟುಡಿಯೊ ಒಂದಕ್ಕೆ ಮೀಸಲಿಟ್ಟರೆ, ಅಲ್ಲಿನ ಡಬ್ಬಿಗಳಲ್ಲಿ ಕೆಲವಾದರೂ ಉಳಿದಾವು.