ಮಗಳ ಪರೀಕ್ಷೆ, ನಮ್ಮ ಕೆಲಸ

ನಮ್ಮ ದಾವಣಗೆರೆಯ ವಿದ್ಯಾನಗರದಲ್ಲಿ ಅಕ್ಕಂದಿರು ಕೇಳುತ್ತಾರೆ: "ಮಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಬಂತು. ನಮಗೆ ಗಣಿತ ಬರಲ್ಲ, ಇಂಗ್ಲಿಷ್ ಬರಲ್ಲ. ನಾವೇನು ಮಾಡೋದು?"

ಪಾಠ ಹೇಳೋದು ಶಾಲೆಯ ಕೆಲಸ. ಓದಲು ಹೊತ್ತು ಕೊಡೋದು ಮನೆಯ ಕೆಲಸ. ಸಂಜೆ ಎರಡು ತಾಸು ಟಿ.ವಿ., ಮೊಬೈಲ್ ಬಂದ್ ಮಾಡೋಣ. ನೀರು, ಪಾತ್ರೆ, ಕಸ ಎಲ್ಲಾ ಮಗಳ ಪಾಲಿಗೇ ಬ್ಯಾಡ. ಮಗನೂ ಒಂದು ಕೊಡ ನೀರು ತರಲಿ. ರಾತ್ರಿ ನಿದ್ದೆ ಕೆಡಿಸಬಾರದು. ನಿದ್ದೆಗೆಟ್ಟರೆ ಓದಿದ್ದು ನೆನಪಿನಲ್ಲಿ ನಿಲ್ಲದು.

ಗಣಿತಕ್ಕೆ 100 ಅಂಕ. ಅದರಲ್ಲಿ 80 ಅಂಕ ಕೊನೆಯ ಪರೀಕ್ಷೆಗೆ. ಉಳಿದ 20 ಅಂಕ ವರ್ಷವಿಡೀ ಶಾಲೆಯಲ್ಲಿ ಮಾಡಿದ ಕೆಲಸಕ್ಕೆ. ಕೂಲಿಗೆ, ಮಂಡಕ್ಕಿ ಭಟ್ಟಿಗೆ ಅಂತ ಶಾಲೆ ಬಿಡಿಸಿದರೆ ಈ ಅಂಕಕ್ಕೂ ಪೆಟ್ಟು.

ಪ್ರವೇಶ ಪತ್ರ ಬಂದ ಕೂಡಲೇ ನೀವೇ ಓದಿ. ಹೆಸರು, ಪರೀಕ್ಷಾ ಕೇಂದ್ರ, ದಿನಾಂಕ ನೋಡಿ. ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹೀಗೇ ಓದಿದಳು. ಮಗಳ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಮುಖ್ಯ ಗುರುಗಳಿಗೆ ಹೇಳಿ ಸರಿ ಮಾಡಿಸಿದಳು. ಮೊದಲು ಆಕೆ ಹೆಬ್ಬೆಟ್ಟು ಒತ್ತುತ್ತಿದ್ದಳು!

ಫೇಲಾದರೆ? ಬೈಯಬೇಡಿ, ಹೊಡೆಯಬೇಡಿ. ಹೋದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು. 2024ರಲ್ಲಿ ಮೂರು ಸಲ ಪರೀಕ್ಷೆ ನಡೆಯಿತು. "ಫೇಲಾದಳು, ಮದುವೆ ಮಾಡಿಬಿಡೋಣ" ಅನ್ನೋ ಮಾತು ಬ್ಯಾಡ. 18 ವರ್ಷ ತುಂಬದ ಹುಡುಗಿಗೆ ಮದುವೆ ಮಾಡೋದು ಅಪರಾಧ. ಮಗು ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದರೆ ಒಂಟಿ ಬಿಡಬೇಡಿ. 1098ಕ್ಕೆ ಫೋನ್ ಮಾಡಿ. ಇದಕ್ಕೆ ದುಡ್ಡಿಲ್ಲ.

ಪರೀಕ್ಷೆ ಮತ್ತೆ ಬರ್ತದೆ. ಮಗಳು ಮುಖ್ಯ.