ಕಂಬವಿಲ್ಲದ ಮನೆಗೆ ಬಿಸಿಲಿನ ಕರೆಂಟು: ನಿಮಗಿದು ಗೊತ್ತೇ?

ಬರೀ ಬಿಸಿಲು ಮತ್ತು ಬ್ಯಾಟರಿ ನಂಬಿ ಬದುಕುವ ಮನೆಗಳನ್ನು 1982ರಿಂದ ನೋಡಿಕೊಳ್ಳುತ್ತಿರುವ ಕಚೇರಿಯೊಂದು ಹಾಸನದಲ್ಲೇ ಇದೆ. ಅದು ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಎಂಸಿಎಫ್. ಅದು ನಿಗಾ ಇಡುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಗೆ ಯಾವ ಲೈನೂ ಹೋಗಿಲ್ಲ.

ಆ ಉಪಗ್ರಹಗಳಿಗೂ ಕತ್ತಲೆ ಕವಿಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲಿರುಳು ಸಮವಾಗುವ ದಿನಗಳ ಹಿಂದೆಮುಂದೆ, ತಲಾ ಆರು ವಾರದಷ್ಟು ಕಾಲ, ಅವು ದಿನಕ್ಕೊಮ್ಮೆ ಭೂಮಿಯ ನೆರಳನ್ನು ಹೊಕ್ಕು ಹೊರಬರುತ್ತವೆ. ಅತಿ ಉದ್ದದ ಕತ್ತಲೆ ಸುಮಾರು 72 ನಿಮಿಷದ್ದು. ವರ್ಷದ ಸರಾಸರಿ ಬಿಸಿಲು ನೋಡಿದರೆ ದೊಡ್ಡ ಬ್ಯಾಟರಿ ಬೇಕೇ ಇಲ್ಲ ಅನ್ನಿಸಬಹುದು. ಆದರೂ ಅದನ್ನು ಅಳೆದು ಇಟ್ಟಿರುವುದು ಆ 72 ನಿಮಿಷಕ್ಕಾಗಿ. ಅರಕಲಗೂಡಿನ ತೋಟದ ಮನೆಯ ಲೆಕ್ಕವೂ ಹೀಗೆಯೇ ಶುರುವಾಗಬೇಕು. ಶಿವರಾತ್ರಿಯ ಬಿಸಿಲನ್ನು ಮರೆತು, ಪುನರ್ವಸು ಮತ್ತು ಪುಷ್ಯ ಮಳೆಯ ಮೋಡವನ್ನು ಮುಂದಿಟ್ಟುಕೊಳ್ಳಿ.

2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ಎರಡು ಸೋಲಾರ್ ಫಲಕಗಳಲ್ಲಿ ಒಂದರಿಂದ ಬರುವ ವಿದ್ಯುತ್ತು ಕೈಕೊಟ್ಟಿತು. ಸಂಕೇತ ಹೊರುವ 24 ಟ್ರಾನ್ಸ್‌ಪಾಂಡರುಗಳಲ್ಲಿ 12ನ್ನು ಬಂದ್ ಮಾಡಿ ಉಳಿದವನ್ನು ನಡೆಸಿದರು. ಮೋಡ ಮುಚ್ಚಿದ ದಿನ ಮನೆಯಲ್ಲಿ ಯಾವುದನ್ನು ಮೊದಲು ಆರಿಸಬೇಕು ಎಂಬ ಪಟ್ಟಿಯೂ ಮುಂಚೆಯೇ ಸಿದ್ಧವಾಗಿರಲಿ: ಮೊದಲು ಟಿವಿ, ಆಮೇಲೆ ಫ್ಯಾನು. ಅಡುಗೆಮನೆಯ ದೀಪ ಮತ್ತು ರಾತ್ರಿ ಕೊಟ್ಟಿಗೆಗೆ ಹೋಗುವ ದಾರಿಯ ದೀಪ ಕೊನೆಯವರೆಗೂ ಉರಿಯಬೇಕು.

ಇಸ್ರೋ ಉಪಗ್ರಹಗಳಿಗೆ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ ಮಾಡಿಕೊಡುವವರಲ್ಲಿ ಬೆಂಗಳೂರಿನ ಬಿಎಚ್‌ಇಎಲ್ ಘಟಕವೂ ಒಂದು.

ಛಾವಣಿ ತುಂಬ ಪ್ಯಾನೆಲ್ ಇದ್ದರೂ, ಲೈನಿನ ಕರೆಂಟ್ ಹೋದ ಕ್ಷಣ ಕತ್ತಲಾಗುವ ಮನೆಗಳಿವೆ ಗೊತ್ತೇ? ಬ್ಯಾಟರಿಯಿಲ್ಲದ ಗ್ರಿಡ್ ಜೋಡಣೆಯ ಸೋಲಾರ್ ಕೆಲಸ ಮಾಡುವುದೇ ಹಾಗೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹಿಮ್ಮುಖವಾಗಿ ಹರಿದ ಕರೆಂಟು ತಗಲಬಾರದು. ಅದಕ್ಕಾಗಿ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ, ಅಂದರೆ 3 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲಿನ ಘಟಕಕ್ಕೆ ಗರಿಷ್ಠ 78,000 ರೂಪಾಯಿ, ಸಿಗುವುದು ಗ್ರಿಡ್‌ಗೆ ಜೋಡಿಸಿದ ಛಾವಣಿಗೆ. ಲೈನೇ ಇಲ್ಲದ ಮನೆಗೆ ಅದೇ ಸಬ್ಸಿಡಿ ಕೊಡಿಸುತ್ತೇನೆ ಎಂದು ಯಾರಾದರೂ ಮುಂಗಡ ಕೇಳಿದರೆ, ಕೊಡುವ ಮುಂಚೆ ಕರೆಂಟ್ ಕಂಪನಿ ಸೆಸ್ಕ್‌ನ ಕಚೇರಿಗೆ ಹೋಗಿ ವಿಚಾರಿಸಿ.

ಊರೊಳಗಿನ ಮನೆಗೆ ಆಫ್-ಗ್ರಿಡ್, ಅಂದರೆ ಲೈನಿನ ಹಂಗಿಲ್ಲದ ಸೋಲಾರ್, ಬೇಕೇ? ನನ್ನ ಮಟ್ಟಿಗೆ ಬೇಡ. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲು ಮನ್ನಾ ಆಗುತ್ತಿರುವಾಗ, ಬ್ಯಾಟರಿಗೆ ದೊಡ್ಡ ಮೊತ್ತ ಸುರಿಯುವುದು ಬಡ ಮನೆಗೆ ಹೊರೆ. ಚಿಕ್ಕದೊಂದು ಯುಪಿಎಸ್ ಸಾಕು. ಆಫ್-ಗ್ರಿಡ್ ನಿಜವಾಗಿ ಬೇಕಾಗಿರುವುದು ತೋಟದ ಮನೆಗಳಿಗೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರ್ಪಡಿಸಿದರು. ಊರಿಗೆ ಒಳ್ಳೆಯದಾಯಿತು. ಹೊಲದ ನಡುವೆ ಒಂಟಿಯಾಗಿ ಮನೆ ಕಟ್ಟಿಕೊಂಡವರು ಮಾತ್ರ ಪಂಪ್‌ಸೆಟ್ ಲೈನಿನ ಪಾಲಾದರು. ಆ ಲೈನಿಗೆ ಕರೆಂಟು ಬರುವುದು ಗಂಟೆಗಳ ಲೆಕ್ಕದಲ್ಲಿ. ಪರೀಕ್ಷೆಗೆ ಓದುವ ಮಕ್ಕಳು, ಸರಿರಾತ್ರಿ ಎದ್ದು ಹಸು ನೋಡಬೇಕಾದ ಹೆಂಗಸರು ಇರುವುದು ಈ ಮನೆಗಳಲ್ಲೇ. ಇಲ್ಲಿಂದ ಮುಂದಿನ ಮಾತೆಲ್ಲ ಅವರಿಗಾಗಿ.

ಅಂಗಡಿಗೆ ಹೋದೊಡನೆ ಎಷ್ಟು ಕಿಲೋವ್ಯಾಟ್ ಪ್ಯಾನೆಲ್ ಬೇಕು ಎಂದು ಕೇಳುತ್ತಾರೆ. ಅದಕ್ಕೂ ಮೊದಲು ದಿನಕ್ಕೆ ಎಷ್ಟು ಯೂನಿಟ್ ಬೇಕು ಎಂದು ಮನೆಯಲ್ಲೇ ಕೂತು ಬರೆದುಕೊಳ್ಳಿ. 9 ವ್ಯಾಟಿನ ಐದು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 225 ವ್ಯಾಟ್-ಅವರ್. 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆ ತಿರುಗಿದರೆ 480. 50 ವ್ಯಾಟಿನ ಟಿವಿ ನಾಲ್ಕು ಗಂಟೆಗೆ 200. 500 ವ್ಯಾಟಿನ ಮಿಕ್ಸಿ ಹನ್ನೆರಡು ನಿಮಿಷಕ್ಕೆ 100. ಮೊಬೈಲುಗಳಿಗೆ 50. ಒಟ್ಟು 1055, ಅಂದರೆ 1 ಯೂನಿಟ್ಟಿಗಿಂತ ಕೊಂಚ ಹೆಚ್ಚು.

ಈ ಪಟ್ಟಿಯಲ್ಲಿ ಎಲ್ಲರೂ ಮರೆಯುವ ಒಬ್ಬ ಸದಸ್ಯ ಇನ್ವರ್ಟರ್. ಯಾವ ದೀಪವೂ ಉರಿಯದಿದ್ದರೂ ಅದು ತನ್ನ ಪಾಲು ತಿನ್ನುತ್ತಲೇ ಇರುತ್ತದೆ. ಸದಾ 15 ವ್ಯಾಟ್ ಎಂದು ಹಿಡಿದರೂ ದಿನಕ್ಕೆ 360 ವ್ಯಾಟ್-ಅವರ್ ಆಯಿತು, ಟಿವಿಗಿಂತ ಜಾಸ್ತಿ. ಈಗ ಲೆಕ್ಕ 1.4 ಯೂನಿಟ್ಟಿಗೆ ಬಂತು.

ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಅಂಥ ಎರಡನ್ನು ಬಿಎಲ್‌ಡಿಸಿಗೆ ಬದಲಿಸಿದರೆ ಮೇಲಿನ ಮನೆಯಲ್ಲಿ ದಿನಕ್ಕೆ 720 ವ್ಯಾಟ್-ಅವರ್ ಉಳಿಯುತ್ತದೆ. ಅಷ್ಟನ್ನು ಮಳೆಗಾಲದಲ್ಲಿ ಹುಟ್ಟಿಸಲು ಸುಮಾರು 300 ವ್ಯಾಟಿನ ಪ್ಯಾನೆಲ್ಲೂ, ರಾತ್ರಿಗೆ ಹಿಡಿದಿಡಲು ಬ್ಯಾಟರಿಯೂ ಬೇಕಾಗುತ್ತಿತ್ತು. ಮೊದಲ ಖರ್ಚು ಫ್ಯಾನಿಗೆ ಆಗಲಿ.

ಮನೆಯಲ್ಲಿ ಫ್ರಿಜ್ಜೂ ಇದ್ದರೆ, ಅದರ ನಕ್ಷತ್ರದ ಸ್ಟಿಕ್ಕರಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. 365ರಿಂದ ಭಾಗಿಸಿ, ದಿನದ ಲೆಕ್ಕ ಸಿಕ್ಕಿತು.

ಎರಡು ಬಕೆಟ್ ನೀರನ್ನು, ಅಂದರೆ 30 ಲೀಟರನ್ನು, 30 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವುದು 1 ಯೂನಿಟ್. ಇಡೀ ಮನೆಯ ದೀಪ, ಫ್ಯಾನು, ಟಿವಿ, ಮಿಕ್ಸಿ ಒಟ್ಟು ಸೇರಿದರೂ ಅಷ್ಟೇ ಎಂದು ಈಗ ನೋಡಿದೆವಲ್ಲ! ಬ್ಯಾಟರಿಯ ಕರೆಂಟಿಗೆ ಗೀಸರನ್ನಾಗಲಿ, ನೀರು ಕಾಯಿಸುವ ಕಾಯಿಲನ್ನಾಗಲಿ ಜೋಡಿಸಲೇಬೇಡಿ. ಬಚ್ಚಲ ಹಂಡೆ ಇದೆ, ತೆಂಗಿನ ಮಟ್ಟೆಯಿದೆ, ಇಲ್ಲವೇ ಛಾವಣಿಯ ಸೋಲಾರ್ ಹೀಟರ್ ಇದೆ.

ಇನ್ನು ಪ್ಯಾನೆಲ್ಲು. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 5 ಯೂನಿಟ್ ಆಸುಪಾಸು ಬಿಸಿಲು ಬೀಳುತ್ತದೆ. ಬ್ಯಾಟರಿ, ಇನ್ವರ್ಟರ್, ವೈರುಗಳ ಸೋರಿಕೆ ಕಳೆದರೆ 1 ಕಿಲೋವ್ಯಾಟ್ ಪ್ಯಾನೆಲ್ಲು ಮಾರ್ಚಿನಲ್ಲಿ 4 ಯೂನಿಟ್ ಕೊಟ್ಟೀತು, ಜುಲೈಗೆ 2.5 ಎಂದು ಹಿಡಿಯುವುದು ಕ್ಷೇಮ. 1.4 ಯೂನಿಟ್ಟಿನ ಮನೆಗೆ 600 ವ್ಯಾಟಿನ ಆಸುಪಾಸು ಬೇಕು. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡಿನ ಮಲ್ಲಿಪಟ್ಟಣದ ಕಡೆಗೆ ಸ್ವಲ್ಪ ಹೆಚ್ಚು ಹಾಕಿಸಿ. ಚನ್ನರಾಯಪಟ್ಟಣದ ಒಣ ಬಯಲಿಗೆ ಅಷ್ಟೇ ಸಾಕು.

ಅತಿ ಕಾವಿಗೆ ಪ್ಯಾನೆಲ್ಲು ಸೊರಗುತ್ತದೆ. ಅದಕ್ಕೆ ಬೇಕಾದ್ದು ಬೆಳಕು, ಕಾವಲ್ಲ. 25 ಡಿಗ್ರಿ ದಾಟಿದ ಪ್ರತಿ ಡಿಗ್ರಿಗೂ ಅದರ ಶಕ್ತಿ ನೂರಕ್ಕೆ 0.35ರಿಂದ 0.4ರಷ್ಟು ಇಳಿಯುತ್ತದೆ, 60 ಡಿಗ್ರಿಗೆ ಕಾದ ಪ್ಯಾನೆಲ್ಲು ಎಂಟರಲ್ಲಿ ಒಂದು ಪಾಲು ಕಳೆದುಕೊಂಡಿರುತ್ತದೆ. ಬಡವರ ಊಟಿ ಎನಿಸಿಕೊಂಡ ಹಾಸನದ ತಂಗಾಳಿ ಇಲ್ಲಿ ದುಡಿಯುತ್ತದೆ, ಪ್ಯಾನೆಲ್ಲಿನ ಕೆಳಗೆ ಗಾಳಿಯಾಡಲು ಅರ್ಧ ಅಡಿಯಾದರೂ ಜಾಗ ಬಿಟ್ಟಿದ್ದರೆ.

ನಮ್ಮಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಹಾಸನ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆ ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ, 12 ಗಂಟೆ 25 ನಿಮಿಷದ ಹತ್ತಿರ ಬರುತ್ತದೆ. ಈ ಎರಡು ದಿನಗಳ ನಡುವೆ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ. ದಕ್ಷಿಣಕ್ಕೆ 13ರಿಂದ 15 ಡಿಗ್ರಿ ಬಾಗಿಸಿ ಎನ್ನುವುದು ವರ್ಷದ ಒಟ್ಟು ಲೆಕ್ಕಕ್ಕೆ ಸರಿ. ಆದರೆ ಪೂರ್ವಕ್ಕೋ ಪಶ್ಚಿಮಕ್ಕೋ ಇಳಿದಿರುವ ಛಾವಣಿಯವರು ಬೇಸರಪಡಬೇಕಿಲ್ಲ. ಇಳಿಜಾರು ಕಡಿಮೆಯಿದ್ದರೆ ನಷ್ಟ ನೂರಕ್ಕೆ ನಾಲ್ಕೈದು ಮಾತ್ರ. ತೀರಾ ಮಟ್ಟಸವಾಗಿ ಮಾತ್ರ ಇಡಬೇಡಿ, ಮಳೆನೀರು ನಿಂತು ಕೆಸರು ಕಟ್ಟುತ್ತದೆ.

ದಿಕ್ಕಿಗಿಂತ ದೊಡ್ಡ ಶತ್ರು ನೆರಳು. ಚನ್ನರಾಯಪಟ್ಟಣ, ಹೊಳೆನರಸೀಪುರದ ತೆಂಗಿನ ತೋಟದವರು ಇದನ್ನು ಎರಡು ಸಲ ಓದಿ. 60 ಅಡಿಯ ಮರದ ನೆರಳು ಡಿಸೆಂಬರ್ 22ರ ನಡುಹಗಲಲ್ಲಿ ಉತ್ತರಕ್ಕೆ ಸುಮಾರು 44 ಅಡಿ ಚಾಚುತ್ತದೆ; ಬೆಳಗ್ಗೆ, ಸಂಜೆ ಇನ್ನೂ ಉದ್ದ. ಪ್ಯಾನೆಲ್ಲಿನೊಳಗಿನ ಸೆಲ್ಲುಗಳು ಒಂದರ ಹಿಂದೊಂದು ಜೋಡಿಸಿದವು. ಒಂದು ಗರಿಯ ನೆರಳು ಒಂದೆರಡು ಸೆಲ್ಲಿನ ಮೇಲೆ ಬಿದ್ದರೂ ಪ್ಯಾನೆಲ್ಲಿನ ಮೂರನೇ ಒಂದು ಪಾಲು ಸುಮ್ಮನಾಗಬಹುದು. ಹಾಗೆಂದು ಫಲ ಕೊಡುವ ಮರ ಕಡಿಯಬೇಕಿಲ್ಲ. ಪ್ಯಾನೆಲ್ಲು ಮನೆಯ ಮೇಲೇ ಇರಬೇಕೆಂಬ ನಿಯಮ ಎಲ್ಲೂ ಇಲ್ಲ: ಕಣದ ಪಕ್ಕದ ಬಯಲಲ್ಲಿ ಕಬ್ಬಿಣದ ಕಾಲು ನೆಟ್ಟು ನಿಲ್ಲಿಸಿ. ಹೆಂಚು ತೂತು ಮಾಡುವ ಕಷ್ಟವೂ ತಪ್ಪಿತು.

ಕಣದ ಪಕ್ಕ ಎಂದಮೇಲೆ ಇನ್ನೊಂದು ಮಾತು. ರಾಗಿ ಒಕ್ಕಣೆಯ ದೂಳು ಕೂತರೆ ಕರೆಂಟು ಇಳಿಯುತ್ತದೆ, ಬೆಳಗಿನ ತಂಪಿನಲ್ಲಿ ಮೆದು ಬಟ್ಟೆಯಿಂದ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರು ಒಳ್ಳೆಯದು.

ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ತುಂಬುವ ಚಾರ್ಜ್ ಕಂಟ್ರೋಲರನ್ನು ಅಗ್ಗದಲ್ಲಿ ಕೊಂಡು ಮೂರನೇ ಒಂದು ಭಾಗ ಬಿಸಿಲನ್ನು ಪೋಲು ಮಾಡುವವರಿದ್ದಾರೆ. ಈಗಿನ 540 ವ್ಯಾಟಿನ ಪ್ಯಾನೆಲ್ಲು ಸುಮಾರು 41 ವೋಲ್ಟ್, 13 ಆಂಪಿಯರಿನದು. ಪಿಡಬ್ಲ್ಯೂಎಂ ಬಗೆಯ ಕಂಟ್ರೋಲರ್ ಅದನ್ನು 24 ವೋಲ್ಟಿನ ಬ್ಯಾಟರಿಗೆ ನೇರ ಕಟ್ಟಿಹಾಕುತ್ತದೆ. ಸಿಗುವುದು 350 ವ್ಯಾಟಿನೊಳಗೆ. ಎಂಪಿಪಿಟಿ ಬಗೆಯದು ಹೆಚ್ಚುವರಿ ವೋಲ್ಟನ್ನು ಆಂಪಿಯರಾಗಿ ಬದಲಿಸಿ ಕೊಡುತ್ತದೆ. ಬಿಲ್ಲಿನಲ್ಲಿ ಈ ನಾಲ್ಕಕ್ಷರ ಇದೆಯೇ ನೋಡಿ.

12 ವೋಲ್ಟಿನ ಬದಲು 24 ವೋಲ್ಟಿನಲ್ಲಿ ಕರೆಂಟು ಸಾಗಿಸಿದರೆ, ಅದೇ ವೈರಿನಲ್ಲಿ ಆಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ.

ಮನೆಯ ಮಾಮೂಲಿ ಎಂಸಿಬಿಯನ್ನು ಪ್ಯಾನೆಲ್ಲಿನ ಲೈನಿಗೆ ಹಾಕಬಾರದು. ಡಿಸಿ ಕರೆಂಟಿನ ಕಿಡಿ ಸುಲಭಕ್ಕೆ ಆರುವುದಿಲ್ಲ, ಬೆಂಕಿ ಹತ್ತೀತು. ಡಿಸಿ ಎಂದು ಅಚ್ಚಾದದ್ದನ್ನೇ ಕೇಳಿ ತನ್ನಿ. ಭರಣಿ, ಕೃತ್ತಿಕೆ ಮಳೆಯ ಗುಡುಗು ಸಿಡಿಲು ಶುರುವಾಗುವ ಮುಂಚೆ ಅರ್ಥಿಂಗ್ ಗುಂಡಿ ತೋಡಿಸಿ, ಸರ್ಜ್ ಪ್ರೊಟೆಕ್ಟರ್ ಕೂರಿಸಿ.

ಬೋರ್‌ವೆಲ್ಲಿನ ಪಂಪನ್ನು ಮನೆಯ ಬ್ಯಾಟರಿಗೆ ಸೇರಿಸಬೇಡಿ. 500 ಅಡಿ ಆಳದಿಂದ 1000 ಲೀಟರ್ ನೀರೆತ್ತಲು ಸುಮಾರು 1 ಯೂನಿಟ್ ಬೇಕು, ಮೋಟಾರು ಹೊರಡುವ ಹೊತ್ತಿಗೆ ಎಳೆಯುವ ಕರೆಂಟಂತೂ ಓಡುವಾಗಿನದರ ಹಲವು ಪಟ್ಟು. ಸೋಲಾರ್ ಪಂಪಿಗೆ ಬೇರೆಯೇ ಪ್ಯಾನೆಲ್ಲು, ಬೇರೆಯೇ ದಾರಿ: 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯ ‘ಬಿ’ ಭಾಗ ಇದಕ್ಕೆಂದೇ ಇದೆ. ಅಲ್ಲಿ ಬ್ಯಾಟರಿಯೇ ಇಲ್ಲ. ಬಿಸಿಲಿದ್ದಾಗ ನೀರೆತ್ತಿ ತೊಟ್ಟಿ ತುಂಬಿಸುವುದು, ಅಷ್ಟೇ.

ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಕುಣಿಗಲ್ ತಾಲ್ಲೂಕು ಊರಲ್ಲೇ ಕರೆಂಟು ಹುಟ್ಟಿಸುವ ವಿದ್ಯೆಯ ಹಳೆಯ ಪಾಠಶಾಲೆ. ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಅಲ್ಲಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಸಗಣಿ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ಹೊಸಹಳ್ಳಿಯಲ್ಲಿ ಸೌದೆಯಿಂದ ಅನಿಲ ತೆಗೆದು ದೀಪ ಹೊತ್ತಿಸಿದರು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರುಮಾಡಿದಾಗ ತೆರೆದ ಮುಖ್ಯ ಬಾಗಿಲು ಬ್ಯಾಂಕಿನದು: ಸೋಲಾರ್ ದೀಪಕ್ಕೂ ಕಂತಿನ ಸಾಲ ಕೊಡಬಹುದೆಂದು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿದ್ದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವತ್ತಿಗೂ ಪೂರ್ತಿ ಹಣ ಕೈಯಲ್ಲಿಲ್ಲದವರು ಅಂಗಡಿಗಿಂತ ಮೊದಲು ತಮ್ಮ ಖಾತೆಯಿರುವ ಬ್ಯಾಂಕಿಗೆ ಹೋಗಿ ಕೇಳುವುದು ಒಳ್ಳೆಯದು.

ಕೊನೆಗೆ ಬ್ಯಾಟರಿ, ಏಕೆಂದರೆ ಹಣ ಕರಗುವುದು ಇಲ್ಲೇ. 12 ವೋಲ್ಟ್ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ. ದಿನವೂ ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಆಯುಸ್ಸು ಬೇಗ ತೀರುತ್ತದೆ, ಹಾಗಾಗಿ 0.9 ಎಂದೇ ಎಣಿಸಿ. ಅಂಥ ಎರಡು ಇದ್ದರೆ ನಮ್ಮ 1.4 ಯೂನಿಟ್ಟಿನ ಮನೆ ಬಿಸಿಲೇ ಕಾಣದ ಒಂದು ಇಡೀ ದಿನವನ್ನು ದಾಟುತ್ತದೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿಯನ್ನು ನೂರಕ್ಕೆ 80ರಷ್ಟು ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಬೆಲೆ ಹೆಚ್ಚು. ನೀರು ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲವಾದರೆ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ನಲ್ಲಿ ನೀರು ಹಾಕಬೇಡಿ. ಚಾರ್ಜಾಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುತ್ತದೆ. ದೇವರ ದೀಪ ಉರಿಯುವ ಕೋಣೆಯಲ್ಲಿ, ಮಂಚದ ಕೆಳಗೆ ಇಡುವುದು ಅಪಾಯ. ಗಾಳಿಯಾಡುವ ಜಗಲಿಯ ಮೂಲೆ ಆಗುತ್ತದೆ, ಮಕ್ಕಳ ಕೈಗೆ ಸಿಗದಂತೆ.

ಸತ್ತ ಬ್ಯಾಟರಿಯ ಸೀಸವನ್ನು ಕರಗಿಸಿ ಹೊಸ ಬ್ಯಾಟರಿಗೆ ಮತ್ತೆ ಬಳಸುತ್ತಾರೆ. ತಯಾರಕರೇ ಹಳೆಯದನ್ನು ವಾಪಸು ಪಡೆಯುವ ಹೊಣೆ ಹೊರಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಹೇಳುತ್ತದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿ, ಬೆಲೆಯಲ್ಲಿ ಕಡಿತ ಕೇಳಿ ಪಡೆಯಿರಿ. ಹಿತ್ತಲಲ್ಲಿ ಒಡೆದು ಆಸಿಡ್ಡನ್ನು ಚೆಲ್ಲಿದರೆ ಸೀಸವೂ ಅದರ ಜೊತೆ ಮಣ್ಣಿಗಿಳಿಯುತ್ತದೆ, ಮಕ್ಕಳು ಆಡುವುದು ಅದೇ ಮಣ್ಣಿನಲ್ಲಿ.