ಹಳೆಯ ಟಿ.ವಿ. ಇದ್ದರೂ ವಿಡಿಯೋ ಸ್ಪಷ್ಟವಾಗಿರಲಿ



ಈಗ ಹಳ್ಳಿಯಲ್ಲಿಯೂ ಬಹಳ ಮಂದಿಯ ಕೈಯಲ್ಲಿ ವಿಡಿಯೋ ತೆಗೆಯುವ ಫೋನು ಇದೆ. ಹೆಚ್ಚು ಸ್ಪಷ್ಟತೆಯ, ಅಂದರೆ ಎಚ್.ಡಿ. ವಿಡಿಯೋ ತೆಗೆಯುವ ಅನುಕೂಲವೂ ಅದರಲ್ಲಿ ಇರುತ್ತದೆ. ಆದರೆ ಮನೆಯಲ್ಲಿರುವುದು ಹಳೆಯ ಡಬ್ಬಾ ಟಿ.ವಿ. ಫೋನಿನ ಪರದೆಯೂ ಅಷ್ಟು ಸೂಕ್ಷ್ಮವಾದದ್ದಲ್ಲ. “ನೋಡಲು ತಕ್ಕ ಪರದೆಯೇ ಇಲ್ಲದಾಗ ಎಚ್.ಡಿ.ಯಲ್ಲಿ ತೆಗೆದು ಜಾಗ ಏಕೆ ತುಂಬಿಸಬೇಕು?” ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತಜ್ಞರಿಗೆ ತೋರಿಸಬೇಕಾದ ಮತ್ತು ಬಹುಕಾಲ ಇಟ್ಟುಕೊಳ್ಳಬೇಕಾದ ವಿಡಿಯೋಗಳಿಗೆ ಎಚ್.ಡಿ. ಬೇಕು, ಉಳಿದವಕ್ಕೆ ಬೇಕಿಲ್ಲ. ಕಾರಣ ತಿಳಿದುಕೊಳ್ಳೋಣ.

ಅಕ್ಕಿ ಮತ್ತು ನುಚ್ಚು

ವಿಡಿಯೋ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ಹಳೆಯ ಟಿ.ವಿ. ಪದ್ಧತಿಯ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು ಸುಮಾರು 4 ಲಕ್ಷ ಚುಕ್ಕೆಗಳಿರುತ್ತವೆ. ಫುಲ್ ಎಚ್.ಡಿ.ಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ. ಅಂದರೆ ಐದು ಪಟ್ಟು ವಿವರ.

ಅಕ್ಕಿಯನ್ನು ಯಾವಾಗ ಬೇಕಾದರೂ ನುಚ್ಚು ಮಾಡಬಹುದು. ನುಚ್ಚನ್ನು ಮತ್ತೆ ಅಕ್ಕಿ ಮಾಡಲಾಗದು. ಎಚ್.ಡಿ. ವಿಡಿಯೋವನ್ನು ಮುಂದೆ ಚಿಕ್ಕದು ಮಾಡಬಹುದು. ಕಡಿಮೆ ಚುಕ್ಕೆಗಳಲ್ಲಿ ತೆಗೆದದ್ದಕ್ಕೆ ಇಲ್ಲದ ವಿವರವನ್ನು ಯಾವ ದೊಡ್ಡ ಟಿ.ವಿ.ಯೂ ತಂದುಕೊಡದು. ದೂರದರ್ಶನವು 1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದಾಗ ಟಿ.ವಿ. ಇದ್ದ ಬಹುಪಾಲು ಮನೆಗಳಲ್ಲಿ ಕಪ್ಪು-ಬಿಳುಪಿನ ಪೆಟ್ಟಿಗೆಗಳೇ ಇದ್ದವು. ಆ ಕಾರ್ಯಕ್ರಮಗಳು ಅವುಗಳಲ್ಲಿಯೂ ಕಂಡವು. ಬಣ್ಣದ ಪೆಟ್ಟಿಗೆ ತಂದವರಿಗೆ ಬಣ್ಣದಲ್ಲಿ ಕಂಡವು. ಪರದೆಯನ್ನು ನಾಳೆ ಬದಲಿಸಬಹುದು, ಕಳೆದುಹೋದ ದಿನವನ್ನು ಮತ್ತೆ ಚಿತ್ರಿಸಲಾಗದು.

ನೋಡುವವರು ನೀವೊಬ್ಬರೇ ಅಲ್ಲ

2018ರಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಕಂಡುಬಂದಿತು. ಅದನ್ನು ಗುರುತಿಸುವುದು ಹೇಗೆ? ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಮಸುಕಾದ ವಿಡಿಯೋದಲ್ಲಿ ಇವು ಕಾಣುವುದಿಲ್ಲ. ಹುಳು ಇದೆ ಎಂದಷ್ಟೇ ತಿಳಿಯುತ್ತದೆ. ನಿಮ್ಮ ಫೋನಿನಲ್ಲಿ ಆ ಗೆರೆ ಸರಿಯಾಗಿ ಕಾಣದಿದ್ದರೂ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಎಚ್.ಡಿ. ವಿಡಿಯೋವನ್ನು ಗಣಕಯಂತ್ರದಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ ನೋಡಬಲ್ಲರು. ಹುಳು ಯಾವುದೆಂದು ತಿಳಿಯದೆ ಔಷಧಿ ಹೊಡೆದರೆ ಹಣವೂ ಹಾಳು, ಬೆಳೆಯೂ ಹಾಳು.

ಆಲಿಕಲ್ಲು ಮಳೆಯಿಂದ ಬೆಳೆ ನೆಲಕಚ್ಚಿದಾಗಲೂ ಸ್ಪಷ್ಟವಾದ ವಿಡಿಯೋ ನೆರವಿಗೆ ಬರುತ್ತದೆ. ಆದರೆ ಫಸಲ್ ಬಿಮಾ ಯೋಜನೆಯಲ್ಲಿ ಇಂತಹ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ವಿಡಿಯೋ ಇದೆಯೆಂದು ದೂರು ಕೊಡುವುದನ್ನು ತಡಮಾಡಬಾರದು.

ಹಾಸಿಗೆ ಇದ್ದಷ್ಟು ಕಾಲು

ಫೋನಿನಿಂದ ಫೋನಿಗೆ ವ್ಯತ್ಯಾಸವಿದ್ದರೂ ಫುಲ್ ಎಚ್.ಡಿ. ವಿಡಿಯೋ ನಿಮಿಷಕ್ಕೆ ಸುಮಾರು 130 ಎಂ.ಬಿ. ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ 32 ಜಿ.ಬಿ. ಕಾರ್ಡಿನಲ್ಲಿ ಸುಮಾರು 4 ಗಂಟೆಯಷ್ಟು ಹಿಡಿಸುತ್ತದೆ. ಅದಕ್ಕಿಂತ ಮೇಲಿನ 4ಕೆ ವಿಡಿಯೋಗೆ ನಿಮಿಷಕ್ಕೆ ಸುಮಾರು 350 ಎಂ.ಬಿ. ಬೇಕು; ಅದೇ ಕಾರ್ಡು ಒಂದೂವರೆ ಗಂಟೆಗೆ ತುಂಬುತ್ತದೆ. ಸಾಮಾನ್ಯ ರೈತರಿಗೆ 4ಕೆ ಬೇಕಿಲ್ಲ, ಫುಲ್ ಎಚ್.ಡಿ. ಸಾಕು. ಜಾತ್ರೆ, ಹರಟೆಯಂತಹ ಇಂದು ನೋಡಿ ನಾಳೆ ಅಳಿಸುವ ವಿಡಿಯೋಗಳಿಗೆ ಅದೂ ಬೇಡ.

ಗಮನದಲ್ಲಿಡಬೇಕಾದ ಅಂಶಗಳು

1. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 1080 ಎಂದು ಆರಿಸಿಕೊಳ್ಳಿ.

2. ತೆಗೆಯುವ ಮೊದಲು ಕ್ಯಾಮೆರಾದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಗಾಜಿನ ಮೇಲೆ ಬೆರಳಿನ ಜಿಡ್ಡು ಇದ್ದರೆ ಎಚ್.ಡಿ.ಯೂ ಮಸುಕೇ.

3. ಫೋನನ್ನು ಅಡ್ಡ ಹಿಡಿಯಿರಿ. ಜೂಮ್ ಮಾಡುವ ಬದಲು ಗಿಡದ ಹತ್ತಿರ ಹೋಗಿ. ಒಂದೊಂದು ಎಲೆಯ ಮೇಲೂ ಕೈ ಅಲುಗದಂತೆ ಐದು ಸೆಕೆಂಡು ನಿಲ್ಲಿ. ಎಲೆಯ ತಳಭಾಗವನ್ನೂ ತೋರಿಸಿ.

4. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋವನ್ನು ಎಂದಿನಂತೆ ಕಳಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುತ್ತದೆ. ತಜ್ಞರಿಗೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ.

5. ಮುಖ್ಯವಾದವನ್ನು ಪೆನ್ ಡ್ರೈವಿಗೂ ಹಾಕಿಡಿ. ಹಳೆಯ ಡಿ.ವಿ.ಡಿ. ಪೆಟ್ಟಿಗೆಗಳು ಎಚ್.ಡಿ. ವಿಡಿಯೋವನ್ನು ಓಡಿಸದಿರಬಹುದು. ಅದರಲ್ಲಿ ಬರಲಿಲ್ಲವೆಂದು ವಿಡಿಯೋ ಕೆಟ್ಟಿದೆಯೆಂದು ತಿಳಿದು ಅಳಿಸಬೇಡಿ.

ಬಿತ್ತನೆಗೆ ಇಡುವ ಕಾಳನ್ನು ಊಟದ ಕಾಳಿಗಿಂತ ಎಚ್ಚರದಿಂದ ಆರಿಸುವುದು ನಮ್ಮ ರೂಢಿ. ಮುಂದೆ ಬೇಕಾಗುವ ವಿಡಿಯೋವನ್ನೂ ಹಾಗೆಯೇ ತೆಗೆದಿಡಿ. ಮುಂದಿನ ಬಾರಿ ಬೆಳೆಯಲ್ಲಿ ಗುರುತು ಸಿಗದ ಹುಳು ಕಂಡಾಗ ಮೊದಲು ಕ್ಯಾಮೆರಾದ ಗಾಜು ಒರೆಸಿ, 1080ರಲ್ಲಿ ಒಂದು ನಿಮಿಷದ ವಿಡಿಯೋ ತೆಗೆದು ತಜ್ಞರಿಗೆ ಕಳಿಸಿ. ಔಷಧಿ ಅಂಗಡಿಗೆ ಆಮೇಲೆ ಹೋಗಿ.